ದೀಪ ಇಡುವ ಜಾಗ

“ಪ್ರಾಣ ಎಲ್ಲಿ ಹೋಯ್ತು ಅಂತ ಸರಿಯಾಗಿ ಹೇಳಿ ತಾಯಿ, ದೀಪ ಅಲ್ಲೇ ಇಡಬೇಕು” ಎಂದು ಲಕ್ಷ್ಮೀನಾರಾಯಣ ಭಟ್ಟರು ಎರಡನೆಯ ಸಲ ಕೇಳುವಷ್ಟರಲ್ಲಿ ಅವರ ಕೈಯಲ್ಲಿದ್ದ ಹಣತೆಯ ಎಣ್ಣೆ ಹೆಬ್ಬೆರಳಿಗೆ ಇಳಿಯತೊಡಗಿತ್ತು.

ರಮಾಮಣಿ ಹಾಲ್‌ನಲ್ಲಿದ್ದ ಬೆತ್ತದ ಕುರ್ಚಿಯ ಕಡೆ ಕೈ ತೋರಿಸಿದಳು. “ಇಲ್ಲೇ. ಕೂತಿದ್ದವರು ಹಾಗೇ ವಾಲಿಬಿಟ್ರು.”

ಭಟ್ಟರು ಕುರ್ಚಿಯನ್ನು ಸರಿಸಿ, ಅಲ್ಲಿ ಒಂದು ಹಿಡಿ ಅಕ್ಕಿ ಹರಡಿ, ದಕ್ಷಿಣಕ್ಕೆ ಮುಖ ಮಾಡಿ ದೀಪ ಇಟ್ಟರು. “ಹತ್ತು ದಿನ ಆರಬಾರದು. ಜಾಗದಿಂದ ಅಲ್ಲಾಡಿಸಲೂಬಾರದು. ಹೋದ ಜೀವ ಮೊದಲು ಹುಡುಕಿಕೊಂಡು ಬರೋದು ಆ ಜಾಗವನ್ನೇ” ಎಂದರು. ಮಗಳು ಮೇದಿನಿ ತಲೆಯಾಡಿಸಿದಳು. ರಾತ್ರಿಯೇ ವಡೋದರಾದಿಂದ ಕಾರಿನಲ್ಲಿ ಓಡಿಬಂದಿದ್ದ ಅವಳ ಕಣ್ಣುಗಳು ಅತ್ತು ಅತ್ತು ಊದಿದ್ದವು. ರಮಾಮಣಿಯ ಕಣ್ಣುಗಳು ಮಾತ್ರ ಒಣಗಿದ್ದವು. ಬಂದವರೆಲ್ಲ “ಶಾಕ್ ಆಗಿದೆ, ಪಾಪ” ಎಂದು ಪಿಸುಗುಟ್ಟಿಕೊಂಡರು.

ಶಾಕೂ ಅಲ್ಲ, ಏನೂ ಅಲ್ಲ. ರಮಾಮಣಿ ಹೇಳಿದ್ದು ಶುದ್ಧ ಸುಳ್ಳು. ಗಂಡ ಕೃಷ್ಣಮೂರ್ತಿಯವರು ತೀರಿಕೊಂಡದ್ದು ಹಾಲ್‌ನಲ್ಲಲ್ಲ, ಒಳಗಿನ ಸಣ್ಣ ಕೋಣೆಯಲ್ಲಿ. ಹಿಂದಿನ ಸಂಜೆ ಅವಳು ಕಾಫಿ ಹಿಡಿದು ಹೋದಾಗ ಅವರು ಎಂದಿನಂತೆ ಸ್ಟೂಲಿನ ಮೇಲೆ ಕೂತು, ಪಕ್ಕದ ಮನೆಗೂ ತಮ್ಮ ಮನೆಗೂ ನಡುವಿನ ಅಡ್ಡಗೋಡೆಗೆ ಬಲಗಿವಿ ಒತ್ತಿಕೊಂಡಿದ್ದರು. ಒಂದು ಕೈ ಗೋಡೆಗೆ ಆನಿಸಿದ್ದ ಆ ದರಿದ್ರ ಮರದ ಚೌಕಟ್ಟಿನ ಗುಂಡಿಯ ಮೇಲಿತ್ತು. “ಇನ್ನೂ ಸಾಕಾಗ್ಲಿಲ್ವಾ ನಿಮಗೆ, ಅವಳ ದನಿ ಕೇಳಿ?” ಎಂದಳು. ಭುಜ ಮುಟ್ಟಿದಳು. ತಲೆ ಗೋಡೆಗುಂಟ ಮೆಲ್ಲಗೆ ಕೆಳಗೆ ಜಾರಿತು.

ಆಮೇಲೆ ಮಾಡಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೂಗಲಿಲ್ಲ, ಅಳಲಿಲ್ಲ. ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ನಂತರ ಮಂಚದ ಮೇಲಿನ ದುಪ್ಪಟಿ ಹಾಸಿ, ಗಂಡನನ್ನು ಅದರ ಮೇಲೆ ಮಲಗಿಸಿ, ನುಣುಪು ಟೈಲ್ಸಿನ ಮೇಲೆ ಹಾಲ್‌ವರೆಗೂ ಎಳೆದು ತಂದಳು. ಮರಳಿ ಹೋಗಿ ಚೌಕಟ್ಟನ್ನು ಬೀರುವಿನ ಹಿಂದೆ ತುರುಕಿದಳು. ಆಗಷ್ಟೇ ಬಾಗಿಲು ತೆರೆದು ಕಿರುಚಿದ್ದು. ಪರರ ಹೆಂಡತಿಯ ಗೋಡೆಗೆ ಕಿವಿಗೊಟ್ಟು ಸತ್ತ ಅನ್ನುವ ಮಾತು ಅಹಮದಾಬಾದಿನ ಬೋಪಾಲ್ ಬಡಾವಣೆಯ ಆ ಹದಿನಾಲ್ಕು ಅಂತಸ್ತಿನ ಕಟ್ಟಡದಲ್ಲಿ ಹರಡುವುದಕ್ಕಿಂತ, ಎಪ್ಪತ್ತಕ್ಕೆ ಹತ್ತಿರವಾದ ಅವಳ ಸೊಂಟ ಮುರಿದರೂ ಚಿಂತೆಯಿರಲಿಲ್ಲ.

ಮೊದಲು ಓಡಿಬಂದವನು ಯಾರು? ಅದೇ ಪಕ್ಕದ ಮನೆಯ ಮಾಧವ.

*

ಜಗಳ ಶುರುವಾದದ್ದು ಒಂದು ತಂತಿಯಿಂದ.

ಕೃಷ್ಣಮೂರ್ತಿಯವರು ಟೆಲಿಫೋನ್ ಇಲಾಖೆಯಲ್ಲಿದ್ದವರು. ಟವರುಗಳ ಕೆಳಗೇ ಆಯುಷ್ಯ ಸವೆಸಿ, ಸೂರತ್ ಆಯಿತು, ವಡೋದರಾ ಆಯಿತು, ಕೊನೆಗೆ ಅಹಮದಾಬಾದಿನಲ್ಲಿ ನಿವೃತ್ತರಾಗಿ ಇಲ್ಲೇ ಮನೆ ಮಾಡಿದರು. ದುಶ್ಚಟ ಅಂತ ಒಂದೂ ಇರಲಿಲ್ಲ. ಟೆರೇಸಿನಲ್ಲಿ ನೀರಿನ ಟ್ಯಾಂಕಿನಿಂದ ಲಿಫ್ಟ್ ರೂಮಿನವರೆಗೆ ಒಂದು ತಂತಿ ಕಟ್ಟಿಕೊಂಡು, ದೊಡ್ಡ ರಿಸೀವರಿನ ಮುಂದೆ ಕೂತು ದೂರದೂರದ ಸ್ಟೇಷನ್ ಹಿಡಿಯುವುದೊಂದೇ ಅವರ ಸಂಭ್ರಮ. ಕನ್ನಡ ಬಂದ ದಿನ ಅನ್ನಕ್ಕೆ ಇನ್ನೊಂದು ಸೌಟು ಸಾರು ಜಾಸ್ತಿ ಬಡಿಸಿಕೊಳ್ಳುತ್ತಿದ್ದರು.

ಕಟ್ಟಡದ ಸೊಸೈಟಿಯವರ ಕಣ್ಣಿಗೆ ಆ ತಂತಿ ಬಿತ್ತು. ತಂತಿಯಿಂದ ರೇಡಿಯೇಶನ್ ಬರುತ್ತದೆ ಎಂದು ಒಬ್ಬರು, ಮೂರ್ತಿಸಾಹೇಬರು ಯಾರಿಗೋ ಸುದ್ದಿ ಕಳಿಸುತ್ತಾರೆ ಎಂದು ಇನ್ನೊಬ್ಬರು. ವಾಟ್ಸಾಪಿನಲ್ಲಿ ಕ್ಯಾನ್ಸರಿನ ಚಿತ್ರಗಳು ಓಡಾಡಿದವು. “ಹಿಡಿಯೋ ತಂತಿ ಸ್ವಾಮಿ ಇದು, ಕಳಿಸೋದಲ್ಲ” ಎಂದು ಅವರು ಹಿಂದಿಯಲ್ಲಿ ತಿಳಿಸಿ ಹೇಳಿದಷ್ಟೂ ಅನುಮಾನ ಗಟ್ಟಿಯಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮೀಟಿಂಗಿನಲ್ಲಿ ತಂತಿ ತೆಗೆಯಬೇಕೆನ್ನುವವರ ಕೈ ಎತ್ತಿಸಿದರು. ಎಲ್ಲರಿಗಿಂತ ಮೊದಲು ಎದ್ದ ಕೈ ಮಾಧವನದು. ವಸ್ತ್ರಾಪುರದ ಕೆರೆಯ ಹತ್ತಿರ ಉಡುಪಿ ಹೋಟೆಲ್ ನಡೆಸುವ ಕುಂದಾಪುರದ ಕಡೆಯವನು, ಇಡೀ ಕಟ್ಟಡದಲ್ಲಿ ಕೃಷ್ಣಮೂರ್ತಿಯವರದನ್ನು ಬಿಟ್ಟರೆ ಇದ್ದ ಒಂದೇ ಕನ್ನಡದ ಮನೆ ಅವನದು.

ತಂತಿ ಇಳಿಸಿದ ಸಂಜೆ ರಮಾಮಣಿ ಆ ಮನೆಯ ಬಾಗಿಲಿಗೆ ಹೋಗಿ ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಮಾಧವನ ಹೆಂಡತಿ ಚೈತ್ರಾ ಏನು ಕಡಿಮೆಯೇ? “ನಿಮ್ಮ ಯಜಮಾನ್ರು ಕತ್ತಲಾದ ಮೇಲೆ ಟೆರೇಸಲ್ಲಿ ಎಂತ ಮಾಡ್ತಾರೆ ಅಂತ ಯಾರಿಗೆ ಗೊತ್ತು ಮಾರಾಯ್ರೆ? ಹೆಣ್ಣುಮಕ್ಕಳು ಬಟ್ಟೆ ಒಣಗಿಸ್ಲಿಕ್ಕೆ ಹೋಪುದು ಬ್ಯಾಡ್ವಾ?” ಎಂದುಬಿಟ್ಟಳು.

ರಮಾಮಣಿ ಮನೆಗೆ ಬಂದು ಗಂಡನ ಮುಂದೆ ನಿಂತಳು. “ಆ ಮನೆಯವರ ಹತ್ರ ಒಂದು ಮಾತಾಡಿದರೆ, ಅವರ ಹೊಸಿಲು ತುಳಿದರೆ, ನನ್ನ ಮೇಲೆ ಆಣೆ.” ಕೃಷ್ಣಮೂರ್ತಿಯವರು ತಂತಿಯನ್ನು ಮೊಣಕೈಗೆ ಸುತ್ತುತ್ತಾ “ಆಯ್ತು ಕಣೇ” ಎಂದರು. ರಿಸೀವರನ್ನು ಅಟ್ಟಕ್ಕೆ ಹಾಕಿದರು. ಆಣೆ ಮುರಿಯುವ ಜಾತಿಯವರಲ್ಲ ಅವರು. ಅದೇ ನಂಬಿಕೆಯಲ್ಲಿ ಅವಳಿದ್ದಳು.

*

ಹೆಣ ಎತ್ತುವ ಹೊತ್ತಿಗೆ ಲಿಫ್ಟು ಚಿಕ್ಕದಾಯಿತು. ಚಟ್ಟವನ್ನು ಮೆಟ್ಟಿಲಿನಲ್ಲೇ ಇಳಿಸಬೇಕಾಯಿತು. ಅಳಿಯ ಒಂದು ಕಡೆ, ವಡೋದರಾದಿಂದ ಮೇದಿನಿಯ ಜೊತೆ ಬಂದಿದ್ದ ಹಳೆಯ ಸಹೋದ್ಯೋಗಿ ಚನ್ನಬಸಪ್ಪ ಒಂದು ಕಡೆ, ಸೊಸೈಟಿಯ ಸೆಕ್ರೆಟರಿ ಹಸ್ಮುಖ್‌ಭಾಯಿ ಒಂದು ಕಡೆ. ನಾಲ್ಕನೆಯ ಮೂಲೆಗೆ ಮಾಧವ ಹೇಳದೆ ಕೇಳದೆ ಬಂದು ಹೆಗಲು ಕೊಟ್ಟ.

“ಬಹುತ್ ಶಾಂತ್ ಆದ್ಮೀ ಥಾ, ಭಾಭೀಜಿ” ಎಂದು ಹಸ್ಮುಖ್‌ಭಾಯಿ ರಮಾಮಣಿಗೆ ಕೈ ಮುಗಿದರು. ಶಾಂತ ಮನುಷ್ಯನ ತಂತಿಗೆ ಕತ್ತರಿ ತರಿಸಿದವರು ಇವರೇ.

ಅಷ್ಟರಲ್ಲಿ ಪಕ್ಕದ ಬಾಗಿಲಿನಲ್ಲಿ ಯಾರೋ ಬಿಕ್ಕಿದರು. ಚೈತ್ರಾ. ಸೆರಗು ಬಾಯಿಗೆ ತುರುಕಿಕೊಂಡು, ಹೊಸಿಲ ಆಚೆಯೇ ನಿಂತು ಅಳುತ್ತಿದ್ದಳು. ಕಟ್ಟಿಕೊಂಡವಳ ಕಣ್ಣಲ್ಲಿ ಹನಿಯಿಲ್ಲ, ಇವಳಿಗೇನು ಬಂತು ಇಷ್ಟು ದುಃಖ? ಎರಡು ವರ್ಷ ಮುಖ ನೋಡದವಳಿಗೆ ಸತ್ತ ದಿನ ಈ ಪರಿ ಕಣ್ಣೀರು ಎಲ್ಲಿಂದ ಉಕ್ಕಿತು? ಮೇದಿನಿ ಹೋಗಿ ಅವಳ ಕೈ ಹಿಡಿದುಕೊಂಡಳು. ರಮಾಮಣಿಗೆ ಮಗಳ ಮೇಲೂ ಸಿಟ್ಟು ಬಂತು.

“ನಂಗೆ ಒಂದು ಮಾತು ಹೇಳ್ಲಿಕ್ಕಿತ್ತು ಅಮ್ಮ ನಿಮ್ಮತ್ರ...” ಚೈತ್ರಾ ಒಂದು ಹೆಜ್ಜೆ ಮುಂದೆ ಬಂದಳು.

“ಈಗ ಬೇಡ” ಎಂದು ರಮಾಮಣಿ ಮುಖ ತಿರುಗಿಸಿದಳು. ಕೇಳುವ ಧೈರ್ಯ ಅವಳಿಗಿರಲಿಲ್ಲ.

*

ಚೌಕಟ್ಟು ಮನೆಗೆ ಬಂದದ್ದು ಹೋದ ದೀಪಾವಳಿಯ ನಂತರ. ಬಂದದ್ದೇನು, ಅವರೇ ಮಾಡಿದ್ದು. ಕಿಟಕಿಯಷ್ಟಗಲ ನಾಲ್ಕು ಮರದ ಪಟ್ಟಿ ಜೋಡಿಸಿ, ಸುತ್ತಲೂ ತಾಮ್ರದ ತಂತಿ ಸುತ್ತಿ, ಕೆಳಗೊಂದು ತಿರುಗಿಸುವ ಗುಂಡಿ ಇಟ್ಟರು. ಅದಕ್ಕೆ ಕರೆಂಟಿಲ್ಲ. ಅದರಿಂದ ಯಾವ ತಂತಿಯೂ ಎಲ್ಲಿಗೂ ಹೋಗುತ್ತಿರಲಿಲ್ಲ. ಕೋಣೆಯಲ್ಲಿ ರೇಡಿಯೊ ಅನ್ನುವ ಪದಾರ್ಥವೇ ಇರಲಿಲ್ಲ.

ಸೂರ್ಯ ಮುಳುಗಿದ ಮೇಲೆ ಅವರು ಅದನ್ನು ಅಡ್ಡಗೋಡೆಗೆ ಆನಿಸಿ, ಸ್ಟೂಲ್ ಎಳೆದುಕೊಂಡು, ಗೋಡೆಗೆ ಕಿವಿ ಹಚ್ಚಿ, ಗುಂಡಿಯನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸುತ್ತಿದ್ದರು. ಆಮೇಲೆ ಕದಲದೆ ಕೂರುತ್ತಿದ್ದರು. ಒಮ್ಮೊಮ್ಮೆ ತಮ್ಮಷ್ಟಕ್ಕೆ ನಗುತ್ತಿದ್ದರು. ಬಾಗಿಲ ಸಂದಿಯಿಂದ ಅವಳು ನೋಡಿದ್ದು ಅದನ್ನೇ, ಆ ನಗುವನ್ನು. ಮದುವೆಯಾದ ಹೊಸದರಲ್ಲಿ ಸೂರತ್ತಿನ ಕ್ವಾರ್ಟರ್ಸಿನಲ್ಲಿ ನೋಡಿದ್ದು, ಆಮೇಲೆ ಎಲ್ಲಿಗೆ ಹೋಗಿತ್ತೋ.

“ಏನ್ರೀ ಅದು?”

“ಒಂದು ಪ್ರಯೋಗ ಕಣೇ.”

“ರೇಡಿಯೊ ಎಲ್ಲಿ ಮತ್ತೆ?”

“ಇಲ್ಲಿ ಬೇಕಾಗಿಲ್ಲ” ಎಂದು ಅವರು ಕನ್ನಡಕ ಒರೆಸಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಮನುಷ್ಯ, ಸುಳ್ಳು ಹೇಳುವಾಗಲೆಲ್ಲ ಕನ್ನಡಕ ಒರೆಸುತ್ತಿದ್ದರು.

ಒಂದು ಸಂಜೆ ಅವರು ಹಾಲು ತರಲು ಕೆಳಗೆ ಹೋದಾಗ ಅವಳೂ ಗೋಡೆಗೆ ಕಿವಿಯಿಟ್ಟಳು. ಆಚೆ ಏನೋ ಸಣ್ಣ ಗುಜುಗುಜು, ನಡುವೆ ಒಂದು ಹೆಣ್ಣಿನ ನಗು. ಅವಳಿಗೆ ಗೊತ್ತಿದ್ದಂತೆ ಆ ಕೋಣೆ ಚೈತ್ರಾಳದು. ಮನೆ ಕೊಂಡ ಹೊಸದರಲ್ಲಿ ಅರಿಸಿನ ಕುಂಕುಮಕ್ಕೆ ಹೋದಾಗ ಮಂಚ, ಕನ್ನಡಿ ಎಲ್ಲ ನೋಡಿ ಬಂದಿದ್ದಳು. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ, ಇಲ್ಲಿ ಆ ಕಿವಿ ತನ್ನ ಗಂಡನದೇ ಆಗಿತ್ತು. ಕಿವಿ ಒತ್ತಿದ ಜಾಗದಲ್ಲಿ ಅವರ ತಲೆಯ ಕೊಬ್ಬರಿ ಎಣ್ಣೆಯ ಕಲೆ ಕೂತಿತ್ತು. ಅವಳು ಅದನ್ನು ಸೋಪು ಹಾಕಿ ತಿಕ್ಕಿದಳು. ಕಲೆ ಅಗಲವಾಯಿತೇ ಹೊರತು ಹೋಗಲಿಲ್ಲ.

ಬಾಯಿಬಿಟ್ಟು ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ! ಹೀಗೆ ಚಳಿಗಾಲ ಕಳೆಯಿತು, ಉತ್ತರಾಯಣದ ಗಾಳಿಪಟದ ದಾರಗಳು ಬಾಲ್ಕನಿಯಿಂದ ಉದುರಿದವು. ಅವಳು ಸಾರಿಗೆ ಉಪ್ಪು ಕಡಿಮೆ ಹಾಕಿ, ಮಾತು ಕಡಿಮೆ ಮಾಡಿ, ಬೂದಿ ಮುಚ್ಚಿದ ಕೆಂಡದ ಹಾಗೆ ದಿನ ನೂಕಿದಳು.

*

ಗಂಡಸರು ಸ್ಮಶಾನದಿಂದ ಮರಳಿ ಸ್ನಾನ ಮುಗಿಸುವಷ್ಟರಲ್ಲಿ ಮನೆ ತೊಳೆದಾಗಿತ್ತು. ಸಾವಿನ ಮನೆಯಲ್ಲಿ ಅಂದು ಒಲೆ ಹಚ್ಚುವಂತಿಲ್ಲ. ಮಾಧವ ಹೋಟೆಲಿನಿಂದ ಅನ್ನ, ಸಾರು, ಮಜ್ಜಿಗೆ ಕಳಿಸಿದ್ದ. ರಮಾಮಣಿ ಒಂದು ತುತ್ತನ್ನೂ ಮುಟ್ಟಲಿಲ್ಲ.

ಸಣ್ಣ ಕೋಣೆ ಗುಡಿಸುತ್ತಿದ್ದ ಮೇದಿನಿ ಬೀರುವಿನ ಹಿಂದಿನಿಂದ ಚೌಕಟ್ಟು ಎಳೆದು ಹೊರಗೆ ತಂದಳು. “ಅಮ್ಮಾ, ವಾಟ್ ಈಸ್ ದಿಸ್? ಅಪ್ಪಂದಾ?”

ರಮಾಮಣಿ ಬಾಯಿ ತೆರೆಯುವ ಮೊದಲೇ ಚನ್ನಬಸಪ್ಪ ಊಟದ ತಟ್ಟೆ ಬಿಟ್ಟು ಎದ್ದ. “ಅರೇ, ಲೂಪ್ ಆಂಟೆನಾ! ಮೂರ್ತಿ ಇನ್ನೂ ಇದನ್ನ ಮಾಡ್ತಿದ್ನೇನು? ಸೂರತ್‌ನ್ಯಾಗ ಸಚಿನ್ ಅನ್ನೋ ಏರಿಯಾದಾಗ ಡ್ಯೂಟಿ ಇದ್ದಾಗ ನಾವಿಬ್ರೂ ಹಿಂಗss ಒಂದು ಮಾಡಿದ್ವಿ. ಸುತ್ತ ಫ್ಯಾಕ್ಟ್ರಿ ಗದ್ದಲ, ರೇಡಿಯೊದಾಗ ಬರೇ ಗೊರಗೊರ. ಇದನ್ನ ಬಾಜೂಕ ಇಟ್ಟ ಕೂಡ್ಲೆ ನಮ್ಮ ಧಾರವಾಡ ಖಡಕ್ಕಾಗಿ ಬರ್ತಿತ್ತು.” ಹೇಳುತ್ತಾ ಹೇಳುತ್ತಾ ಅವನ ದನಿ ಒಡೆಯಿತು.

“ರೇಡಿಯೊಗೆ ತಂತಿ ಎಲ್ಲಿ ಸಿಕ್ಕಿಸ್ತೀರಿ?” ರಮಾಮಣಿ ಕೇಳಿದಳು. ಬೆಳಿಗ್ಗೆಯಿಂದ ಅವಳಾಗಿ ಆಡಿದ ಮೊದಲ ಮಾತು.

“ಎಲ್ಲೀ ಸಿಗಸೂದಿಲ್ಲಕ್ಕಾ, ಅದss ಇದರ ಮಜಾ. ತಂತಿ ಬ್ಯಾಡ, ಮುಟ್ಟಸೂದೂ ಬ್ಯಾಡ. ಸನೇಕ ಇದ್ರ ಸಾಕು. ಇದು ಗಾಳ್ಯಾಗಿಂದ ಹಿಡದದ್ದನ್ನ ರೇಡಿಯೊದೊಳಗಿನ ಆಂಟೆನಾ ಕಡ್ಡಿ ತಾನss ತಗೋತೈತಿ.”

“ನಡುವೆ ಗೋಡೆ ಇದ್ದರೆ?”

“ಇಟ್ಟಂಗಿ ಗ್ವಾಡಿ ಇದಕ್ಕೇನು ಲೆಕ್ಕ? ಗೇಣು, ಎರಡು ಗೇಣು ದಾಟತೈತಿ. ಆದ್ರ ಸುಮ್ನ ಇಟ್ರ ಆಗೂದಿಲ್ಲ. ಸ್ಟೇಷನ್‌ಗೆ ತಕ್ಕಂಗ ಈ ಗುಂಡಿ ತಿರುವಬೇಕು. ರೇಡಿಯೊದ ದನಿ ಏರತೈತೋ ಇಲ್ಲೋ ಕಿವಿಗೊಟ್ಟು ಕೇಳಬೇಕು. ಕೈ ತಗದ್ರ ಒಮ್ಮೊಮ್ಮೆ ಮತ್ತ ಬಿದ್ದು ಹೋಗತೈತಿ. ಹಿಡಕೊಂಡss ಕೂಡಬೇಕು.” ಚನ್ನಬಸಪ್ಪ ಸುತ್ತಮುತ್ತ ನೋಡಿದ. “ಅಂದಂಗ ಅವನ ರೇಡಿಯೊ ಎಲ್ಲೇತಿ?”

ರಮಾಮಣಿಯ ಅನುಮಾನ ಹೋಗುವುದಿರಲಿ, ಇನ್ನೊಂದು ಮಗ್ಗುಲಿಗೆ ಹೊರಳಿ ಕೂತಿತು. ಹಾಗಾದರೆ ಇವರು ಕದ್ದು ಕೇಳುತ್ತಿರಲಿಲ್ಲ. ಆ ಚೈತ್ರಾಳಿಗೆ ಹಾಡು ಕೇಳಿಸುತ್ತಿದ್ದರು! ಮಾತಾಡಬಾರದು ಎಂದು ತಾನು ಆಣೆ ಇಟ್ಟರೆ, ಮಾತಿಲ್ಲದೆ ತಲುಪುವ ದಾರಿ ಹುಡುಕಿಕೊಂಡಿದ್ದರು. ಇದು ಕದ್ದು ಕೇಳುವುದಕ್ಕಿಂತ ಹೆಚ್ಚು ಉರಿಯಿತು. ಆ ಉರಿಯಲ್ಲೂ ಅವಳಿಗೆ ಅಳು ಬರಲಿಲ್ಲ.

ಸಂಜೆಗೆ ಮೇದಿನಿ ಊಟದ ಪಾತ್ರೆ ತೊಳೆದು ಪಕ್ಕದ ಮನೆಗೆ ಕೊಡಲು ಹೊರಟಳು. ಬೇರೆ ದಿನವಾಗಿದ್ದರೆ ಪಾತ್ರೆಯನ್ನು ಬರಿದಾಗಿ ಕಳಿಸದೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕುವುದು ರೂಢಿ. ಸೂತಕದ ಮನೆಯಿಂದ ಹಾಗೇನೂ ಹಾಕುವಂತಿಲ್ಲ. ಹೋದವಳು ಬೇಗ ಬರಲಿಲ್ಲ. ಬಂದಾಗ ಅವಳ ಮುಖದಲ್ಲಿ ಏನೋ ಇತ್ತು.

“ಅಮ್ಮಾ, ಅವರ ಮನೇಲಿ ಒಬ್ಬರು ಅಜ್ಜಿ ಇದಾರೆ, ನಿಂಗೆ ಗೊತ್ತಾ?”

“ಯಾವ ಅಜ್ಜಿ?”

“ಮಾಧವ ಅಂಕಲ್ ಅಮ್ಮ. ಪಾರ್ವತಿ ಅಂತ. ಸೂರತ್‌ನಲ್ಲಿ ದೊಡ್ಡ ಮಗನ ಹತ್ರ ಇದ್ರಂತೆ. ಸ್ಟ್ರೋಕ್ ಆದ್ಮೇಲೆ ದೀಪಾವಳಿ ಟೈಮಲ್ಲಿ ಇಲ್ಲಿಗೆ ಕರ್ಕೊಂಡು ಬಂದಿದಾರೆ. ಹಾಸಿಗೆ ಬಿಟ್ಟು ಏಳಕ್ಕಾಗಲ್ಲ, ಕಣ್ಣೂ ಕಾಣಲ್ಲ. ಗುಜರಾತಿ, ಹಿಂದಿ ಒಂದೂ ಬರಲ್ಲ. ಮೊಮ್ಮಕ್ಕಳು ನನ್ ಥರಾನೇ, ಕನ್ನಡ ಸ್ವಲ್ಪ ಸ್ವಲ್ಪ. ಈ ಗೋಡೆ ಪಕ್ಕದ್ದೇ ಅವರ ರೂಮು.”

“ಅದು ಚೈತ್ರಾದಲ್ವಾ?”

“ಅಲ್ಲಮ್ಮ, ಆಂಟಿದು ಈಗ ರೋಡ್ ಸೈಡ್ ರೂಮು. ಅಜ್ಜಿಗೆ ಇಡೀ ದಿನ ರೇಡಿಯೊ ಒಂದೇ. ಗೋಡೆಗೆ ಒತ್ತಿ ಸ್ಟ್ಯಾಂಡ್ ಮೇಲೆ ಇಟ್ಟಿದಾರೆ. ಬಂದ ಹೊಸದ್ರಲ್ಲಿ ಬರೀ ಗೊರಗೊರ ಅಂತಿತ್ತಂತೆ, ಆಮೇಲೆ ಒಂದಿನದಿಂದ ಸಂಜೆ ಹೊತ್ತು ತಾನಾಗೇ ಸರಿಹೋಗ್ತಿತ್ತಂತೆ. ಕೊಲ್ಲೂರಮ್ಮನೇ ಕಣ್ಣು ಬಿಟ್ಟಳು ಅಂತಿದ್ರಂತೆ ಅಜ್ಜಿ. ನಿನ್ನೆ ಸಂಜೆಯಿಂದ ಮತ್ತೆ ಕೆಟ್ಟಿದೆ. ಸೆಲ್ ಹೊಸದು ಹಾಕಿದ್ರೂ ಇಲ್ಲ. ಅಜ್ಜಿ ಮಕ್ಕಳ ಥರ ಅಳ್ತಿದಾರೆ.” ಮೇದಿನಿ ಮೂಗು ಒರೆಸಿಕೊಂಡಳು. “ಸಾವಿನ ಮನೆ ಪಕ್ಕ, ಸಣ್ಣದಾಗಿ ಹಾಕಿ ನೋಡಬಹುದಾ ಅಂತ ಆಂಟಿ ಕೇಳಿದ್ರು. ಹಾಕಿ ಅಂದೆ. ಅವತ್ತು ತಂತಿ ಕೀಳಿಸಿದ್ದು ತಪ್ಪಾಯ್ತು, ನಿಮ್ಮಪ್ಪನ ಹತ್ರ ಒಂದು ಮಾತು ಕ್ಷಮೆ ಕೇಳ್ಬೇಕು ಅಂತಿದ್ವಿ, ಆಗಲೇ ಇಲ್ಲ ಅಂತ ತುಂಬಾ ಅತ್ರು.”

ಆಚೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆಂಬುದು ರಮಾಮಣಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಮಾತು ನಿಲ್ಲಿಸಿದವಳು ಅವಳೇ. ಗಂಡನಿಗೆ ಗೊತ್ತಾದದ್ದಾದರೂ ಹೇಗೆ? ಸಂಜೆ ಸಂಜೆ ಗೋಡೆಯಾಚೆ ಯಾರೋ ಗೊರಗೊರದ ನಡುವೆ ಕನ್ನಡ ಹುಡುಕುತ್ತಿರುವುದು ಆ ಕಿವಿಗೆ ಬಿದ್ದಿರಬೇಕು. ಆಯುಷ್ಯವೆಲ್ಲ ಅದನ್ನೇ ಹುಡುಕಿದ ಕಿವಿ. ಹೊಸಿಲು ತುಳಿಯುವಂತಿಲ್ಲ, ಮಾತಾಡುವಂತಿಲ್ಲ, ಹೆಂಡತಿಯ ಮೇಲಿನ ಆಣೆ. ಆ ಪುಣ್ಯಾತ್ಮ ಆಣೆಯನ್ನು ಒಂದಿಷ್ಟೂ ಮುರಿದಿರಲಿಲ್ಲ.

‘ಇನ್ನೂ ಸಾಕಾಗ್ಲಿಲ್ವಾ ನಿಮಗೆ?’ ಅವಳು ಅವರಿಗೆ ಆಡಿದ್ದ ಕೊನೆಯ ಮಾತು.

ಅವಳು ಚೌಕಟ್ಟನ್ನು ಎತ್ತಿಕೊಂಡು ಸಣ್ಣ ಕೋಣೆಗೆ ಹೋದಳು.

ಕಿಟಕಿಯಲ್ಲಿ ಬೆಳಕು ಇಳಿಯುತ್ತಿತ್ತು. ಚೌಕಟ್ಟನ್ನು ಗೋಡೆಗೆ ಆನಿಸಿ ಸ್ಟೂಲಿನ ಮೇಲೆ ಕೂತಳು. ಗೋಡೆಯಾಚೆ ಗೊರಗೊರ ಸದ್ದು, ಅದರ ಮೇಲೊಂದು ಬಡಕಲು ದನಿ. “ಇಲ್ಲ ಮಗಾ, ಬತ್ತಿಲ್ಲೆ. ಇನ್ ಬಪ್ಪುದಿಲ್ಲೆ ಕಾಣ್.” ರಮಾಮಣಿ ಗುಂಡಿ ಹಿಡಿದಳು. ಎತ್ತ ತಿರುಗಿಸಬೇಕೆಂದು ತಿಳಿಯದು. ಒಂದು ಕಡೆ ತಿರುಗಿಸಿದರೆ ಹಿಂದಿ ಹಾಡೊಂದು ಅಬ್ಬರಿಸಿ ಹೋಯಿತು. ಇನ್ನೊಂದು ಕಡೆ ಏನೂ ಇಲ್ಲ. ಅವರು ತಿರುಗಿಸುತ್ತಿದ್ದದ್ದು ಕೂದಲೆಳೆಯಷ್ಟು ಎಂಬುದು ನೆನಪಾಯಿತು. ಉಸಿರು ಬಿಗಿಹಿಡಿದು ಕೂದಲೆಳೆಯಷ್ಟು ತಿರುಗಿಸಿದಳು.

ಗೊರಗೊರದ ತಳದಿಂದ ಗಂಡು ದನಿಯೊಂದು ಎದ್ದು ಬಂತು. ಕನ್ನಡ. ಯಾವುದೋ ತಾಲೂಕಿನ ಕೆರೆ, ಯಾವುದೋ ಊರಿನ ಹತ್ತಿಯ ಧಾರಣೆ.

“ಬಂತ್! ಚೈತ್ರಾ, ಬಂತ್ ಕಾಣ್!” ಆಚೆ ಮುದುಕಿ ನಕ್ಕಳು. ಅಂದು ಕೇಳಿದ್ದು ಅದೇ ನಗು.

ರಮಾಮಣಿ ಗುಂಡಿಯಿಂದ ಕೈ ತೆಗೆದಳು. ದನಿ ಕುಸಿಯಿತು, ನಗುವೂ ನಿಂತಿತು. ಗಾಬರಿಯಿಂದ ಮತ್ತೆ ಹಿಡಿದಳು. ಅವರೂ ಹೀಗೇ ಹಿಡಿದು ಕೂತಿದ್ದರು, ಕೊನೆಯವರೆಗೂ. ಒಂದು ಹಗಲು ಒಂದು ರಾತ್ರಿ ಎಲ್ಲೋ ಕಟ್ಟಿ ನಿಂತಿದ್ದ ಅಳು ಆಗ ಒಡೆದು ಬಂತು. ಸದ್ದು ಆಚೆ ಕೇಳಿಸಬಾರದೆಂದು ಎಡಗೈಯಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಲಗೈ ಗುಂಡಿ ಬಿಡಲಿಲ್ಲ.

“ಅಮ್ಮಾ?” ಬಾಗಿಲಲ್ಲಿ ಮೇದಿನಿ ನಿಂತಿದ್ದಳು.

“ಆ ದೀಪ ಇಲ್ಲಿ ತಗೊಂಡು ಬಾ.”

“ಅಲ್ಲಾಡಿಸಬಾರದು ಅಂದಿದಾರೆ ಭಟ್ರು...”

“ನಾನು ಅವರಿಗೆ ತಪ್ಪು ಜಾಗ ತೋರಿಸಿದೆ ಕಣೇ. ಇಲ್ಲಿಡು, ಇಲ್ಲಿ.”

ಮೇದಿನಿ ಅಂಗೈ ಮರೆ ಮಾಡಿಕೊಂಡು, ಎಣ್ಣೆ ತುಳುಕದ ಹಾಗೆ ಹೆಜ್ಜೆಯಿಡುತ್ತಾ ದೀಪ ತಂದು ಗೋಡೆಯ ಬುಡದಲ್ಲಿ, ಚೌಕಟ್ಟಿನ ಪಕ್ಕ ಇಟ್ಟಳು. ಬೆಳಕು ಮೇಲಕ್ಕೆ ಹತ್ತಿ ಎಣ್ಣೆಯ ಕಲೆಯನ್ನು ತೋರಿಸಿತು. ಅದು ರಮಾಮಣಿಯ ಕಿವಿಗಿಂತ ಒಂದು ಗೇಣು ಮೇಲಿತ್ತು. ಅವಳು ಗುಂಡಿಯ ಮೇಲಿನ ಕೈ ಕದಲಿಸದೆ, ಬೆನ್ನು ನೆಟ್ಟಗೆ ಮಾಡಿ, ಕತ್ತು ಎತ್ತಿ, ಆ ಕಲೆಗೇ ಕಿವಿ ಇಟ್ಟಳು.